ಜಯಮಾಲಾ ಕೇಳಿದ ಸಾಕ್ಷಿ

ಶಹಾಬಾದಿನ ಹೊರಗೊಂದು ಪ್ರಯೋಗಾಲಯವಿದೆ. ಅಲ್ಲಿನ ಹದಿನಾಲ್ಕು ಮೊಲಗಳಿಗೆ ಹುಲ್ಲು ಹಾಕಿ, ಹಿಕ್ಕೆ ಬಳಿದು, ರಕ್ತ ತೆಗೆಯುವಾಗ ಮಡಿಲಲ್ಲಿ ಹಿಡಿದು ಕೂರುವವಳು ವಾಡಿಯ ಜಯಮಾಲಾ. ಮೊಲ ಎಷ್ಟು ಮರಿ ಹಾಕುತ್ತದೆಂದು ಮಾತ್ರ ಅವಳೆದುರು ಆಡಬಾರದು. ಅವಳು ಮೂರು ಸಲ ಬಸುರಾಗಿ, ಮೂರು ಸಲವೂ ಗರ್ಭ ಇಳಿದುಹೋಗಿತ್ತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಇವಳ ಅತ್ತೆ ತುಳಜಾಬಾಯಿಯ ಕಾಲ ಮುಗಿಯುವಂತೆಯೇ ಕಾಣಲಿಲ್ಲ. "ಕೊಡ ಎತ್ತಬ್ಯಾಡ ಅಂದ್ರ ಎತ್ತಿದಿ. ನಿನ್ನ ಕೈಯಾರೆ ಕಳಕೊಂಡಿ," ಎನ್ನುತ್ತಿದ್ದಳು. ಎಲುಬಿಲ್ಲದ ನಾಲಿಗೆ ನೋಡಿ! ಕೊಡ ಎತ್ತದಿದ್ದರೆ ನೀರು ತರುವವರು ಯಾರೆಂದು ಆ ಮುದುಕಿ ಹೇಳಲಿಲ್ಲ. ಕೇಳಿ ಕೇಳಿ ಜಯಮಾಲಾಳೇ ಅದನ್ನು ನಂಬತೊಡಗಿದ್ದಳು.

ಒಂದು ದಿನ ಕೇಳಿದಳು, "ಮೊಲದ ರಕ್ತ ಯಾಕ ತಗೋತೀರಿ ಮೇಡಂ?"

ಸಂಶೋಧಕಿ ಮೈತ್ರಿ ಬಿಡಿಸಿ ಹೇಳಿದಳು. ಮೊದಲ ವಾರಗಳಲ್ಲಿ ಭ್ರೂಣ ಬೆಳೆಯಲು ಒಂದು ಪ್ರೋಟೀನು ಬೇಕೇ ಬೇಕು. ಅದನ್ನು ಮೊಲಕ್ಕೆ ಚುಚ್ಚಿದರೆ ರಕ್ತದಲ್ಲಿ ಹುಟ್ಟುವ ಪ್ರತಿಕಾಯ ಆ ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ಬಣ್ಣ ಕೂಡಿಸಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಪ್ರೋಟೀನು ಇರುವ ಕಡೆಯಷ್ಟೇ ಹಸಿರಾಗಿ ಹೊಳೆಯುತ್ತದೆ.

"ಅದು ಇರಲಿಲ್ಲಂದ್ರ?"

"ಪಿಂಡ ನಿಲ್ಲಂಗಿಲ್ಲ. ತಾಯಿ ಏನ ಮಾಡಿದ್ರೂ ನಿಲ್ಲಂಗಿಲ್ಲ."

ಆ ಮಾತು ಜಯಮಾಲಾಳ ಎದೆಯಲ್ಲಿ ಕೂತುಬಿಟ್ಟಿತು.

ನಾಲ್ಕನೆಯದೂ ಎರಡು ತಿಂಗಳಿಗೆ ಹೋದಾಗ ಅಳುತ್ತ ಮೈತ್ರಿಗೆ ಫೋನು ಮಾಡಿದಳು. "ಬಿದ್ದ ಪಿಂಡಾನ ನಿಮ್ಮ ಯಂತ್ರದಾಗ ಇಟ್ಟು ನೋಡ್ರಿ ಮೇಡಂ. ನಂದು ತಪ್ಪಿಲ್ಲಂತ ಒಂದ ಮಾತು ಹೇಳ್ರಿ, ಸಾಕು."

ನಿಯಮಕ್ಕೆ ವಿರುದ್ಧವಾದರೂ ಮೈತ್ರಿ ಒಪ್ಪಿದಳು. ತೊಳೆದ ಡಬ್ಬಿಯಲ್ಲಿ, ಮಂಜುಗಡ್ಡೆಯ ಮೇಲೆ ಇಟ್ಟು ತರಲು ಹೇಳಿದಳು. ಜಯಮಾಲಾ ಹಾಗೆಯೇ ತಂದುಕೊಟ್ಟಳು.

ನಾಲ್ಕು ದಿನದ ಮೇಲೆ ನೋಡಿದರೆ ಪರದೆಯ ತುಂಬ ಹಸಿರು. ಇರಬೇಕಾದ ಕಡೆ, ಇರಬಾರದ ಕಡೆ, ಎಲ್ಲೆಲ್ಲೂ.

"ಪ್ರತಿಕಾಯ ಹಾಕದ ಚೂರು ಹೊಳೀಬಾರದು, ಅದೂ ಹೊಳಿಲಿಕತ್ತದ," ಎಂದಳು ಮೈತ್ರಿ. "ಇದಕ್ಕ ಏನರ ಹಚ್ಚಿದ್ರೇನು?"

"ಅರಿಶಿಣ ಹಚ್ಚಿ ತೊಳದೀನ್ರಿ. ಹಂಗೇ ಹೆಂಗ ಕಳಸ್ಲಿ? ನನ್ನ ಕೂಸಲ್ಲೇನ್ರಿ."

ಅವಳ ಮನೆಯಲ್ಲಿ ಸತ್ತವರನ್ನು ಅರಿಶಿಣ ಹಚ್ಚಿ ಮೀಯಿಸದೆ ಕಳಿಸಿದ್ದೇ ಇಲ್ಲ. ಆ ಯಂತ್ರದ ಬೆಳಕು ಬಿದ್ದರೆ ಅರಿಶಿಣ ತಾನೇ ಹಸಿರಾಗಿ ಹೊಳೆಯುತ್ತದೆಂದು ಅವಳಿಗೆ ಯಾರು ಹೇಳಬೇಕಿತ್ತು? ಪ್ರೋಟೀನು ಇತ್ತೋ ಇಲ್ಲವೋ, ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಮೈತ್ರಿ ಅವಳ ಕೈ ಹಿಡಿದುಕೊಂಡಳು. ಸಮಾಧಾನ ಮಾಡಲೆಂದೇ ಬಾಯಿ ತೆರೆದಳು: "ಇರ್ಲಿ ಬಿಡ್ರಿ. ಮುಂದಿನ ಸಲ ಅರಿಶಿಣ ಹಚ್ಚಬ್ಯಾಡ್ರಿ."

ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಜಯಮಾಲಾ ಕೈ ಬಿಡಿಸಿಕೊಂಡು ಮೊಲಗಳ ಹುಲ್ಲು ಎತ್ತಿಕೊಂಡಳು. ಆಮೇಲೆ, "ಆಯ್ತ್ರಿ ಮೇಡಂ, ಹಚ್ಚಂಗಿಲ್ಲ," ಎಂದಳು.