ದೊಮಿತಿಲಾಳ ಹರಕೆಯ ಜಡೆ

ಯಾಕಿಮಾ ಕಣಿವೆಯ ಈ ಸೇಬಿನ ಊರಲ್ಲಿ ನನ್ನ ಕತ್ತರಿಗೆ ಸಿಗದ ತಲೆಯಿಲ್ಲ, ಪಾದ್ರಿಯದ್ದೂ ಸೇರಿ. ಸಿಗದೇ ಉಳಿದದ್ದು ಒಂದೇ, ಅದೂ ನನ್ನ ಆಪ್ತ ಗೆಳತಿ ದೊಮಿತಿಲಾಳದ್ದು. ಅವಳ ಮಗಳು ಯಾರೆಲಿಯ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದವಳು ನಾನು. ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ‘ಕೊಮಾದ್ರೆ’, ಅಂದರೆ ಜೊತೆತಾಯಿ, ಎಂದೇ ಕರೆಯುವುದು. ಶನಿವಾರ ಬಂತೆಂದರೆ ನನ್ನ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು, ಎಣ್ಣೆ ಹಚ್ಚಿಸಿಕೊಂಡು, ಬಾಚಿಸಿಕೊಂಡು, ಊರ ಉಸಾಬರಿಯೆಲ್ಲ ಹೇಳಿ ಎದ್ದುಹೋಗುತ್ತಿದ್ದಳು. ಜಡೆಯ ತುದಿಗೂ ಕತ್ತರಿ ಸೋಕಿಸಲು ಬಿಡುತ್ತಿರಲಿಲ್ಲ.

ಅದು ಹರಕೆಯ ಕೂದಲು. ಕಾಗದಪತ್ರ ಇಲ್ಲದೆ ಇಲ್ಲಿ ದುಡಿಯುವ ನಮ್ಮ ಜನಕ್ಕೆ ಸರ್ಕಾರ ಕ್ಷಮಾದಾನ ಕೊಟ್ಟ ದಿನ ಜಡೆ ಕತ್ತರಿಸುವುದು, ತಾನೇ ಅದನ್ನು ಗಡಿಯಾಚೆ ಮಿಚೊವಾಕಾನಿನ ತನ್ನ ಊರಿಗೆ ಒಯ್ದು, ಶಿಲುಬೆ ಹೊತ್ತ ಯೇಸುಸ್ವಾಮಿಗೆ ಮುಡಿ ಒಪ್ಪಿಸುವುದು. ನಮ್ಮ ಕಡೆಯ ಇಗರ್ಜಿಗಳಲ್ಲಿ ಸ್ವಾಮಿಯ ಪ್ರತಿಮೆಯ ಭುಜಕ್ಕಿಳಿಯುವ ಕೂದಲು ಹೀಗೆ ಯಾರೋ ಹೆಂಗಸು ಹರಕೆ ಹೊತ್ತು ಕೊಟ್ಟದ್ದೇ. ಕಾಗದವಿಲ್ಲದೆ ಹೊರಟರೆ ಮಾತ್ರ ಹೋದದ್ದೇ ಬಂತು, ಗಡಿ ದಾಟಿ ವಾಪಸ್ ಬರುವ ಹಾಗಿಲ್ಲ. ಮಗಳು ಈ ಕಡೆ, ಸ್ವಾಮಿ ಆ ಕಡೆ. ದೊಮಿತಿಲಾ ನಡುವೆ ಕೂದಲು ಬೆಳೆಸುತ್ತ ಕೂತಳು.

ಬಹಳ ಹಿಂದೆ ಸರ್ಕಾರ ಒಮ್ಮೆ ಕೊಟ್ಟ ಕ್ಷಮಾದಾನದಲ್ಲಿ ನನಗೆ ಕಾಗದ ಸಿಕ್ಕಿತು. ಆಗಲೇ ಹೊಲಗಳಲ್ಲಿ ದುಡಿಯುತ್ತಿದ್ದೆ, ಧಣಿ ಸಾಕ್ಷಿ ಹೇಳಿದ. ದೊಮಿತಿಲಾ ಬಂದದ್ದು ಬಾಗಿಲು ಮುಚ್ಚಿದ ಮೇಲೆ. ಅದೃಷ್ಟ ಎಂದರೆ ಇಷ್ಟೇ ನೋಡಿ, ಒಂದು ಸುಗ್ಗಿಯ ಅಂತರ. ಅವಳಿಗಿಂತ ನಾನೇನು ಹೆಚ್ಚಿನ ಪುಣ್ಯವಂತೆಯಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷ ಪದವಿಗೆ ನಿಂತವರು ನಮ್ಮ ಮೂಗಿಗೆ ತುಪ್ಪ ಸವರುತ್ತಾರೆ, ಇಲ್ಲವೇ ಕಣ್ಣಿಗೆ ಖಾರ ಎರಚುತ್ತಾರೆ. ದೊಮಿತಿಲಾ ಒಂದನ್ನೂ ಬಿಡದೆ ನೋಡುತ್ತಿದ್ದಳು. ಎಲ್ಲರ ಕೂದಲೂ ಎಷ್ಟು ಬೇಕೋ ಅಷ್ಟು ಬೆಳೆಯುವುದಿಲ್ಲ. ಬಹಳ ಮಂದಿಯದ್ದು ಸೊಂಟಕ್ಕೇ ನಿಂತುಬಿಡುತ್ತದೆ. ಇವಳದ್ದು ಇವಳಷ್ಟೇ ಹಟಮಾರಿ, ಮಂಡಿ ಮುಟ್ಟಿತು. ಕತ್ತು ನೋವು ಶುರುವಾಯಿತು.

ಹೋದ ಚುನಾವಣೆಯ ಹೊತ್ತಿಗೆ ಸೇಬು ತುಂಬುವ ಶೆಡ್ಡಿಗೆ ಹೊಸ ಮೇಲ್ವಿಚಾರಕ ಬಂದ. ಈ ಜಡೆ ತಲೆಬಲೆಯೊಳಗೆ ಕೂರುವುದಿಲ್ಲ, ಯಂತ್ರದ ಬೆಲ್ಟಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ, ಕತ್ತರಿಸು, ಇಲ್ಲವೇ ಕೆಲಸ ಬಿಡು ಎಂದ. ಅವನು ಹೇಳಿದ್ದೂ ಸುಳ್ಳಲ್ಲ. ದೊಮಿತಿಲಾ ಬೇಡಿಕೊಂಡದ್ದು ಒಂದೇ: “ಚುನಾವಣೆ ಮುಗಿಯೋ ತನಕ ತಡೀರಿ ಸಾರ್.” ಜಡೆಗೂ ಚುನಾವಣೆಗೂ ಏನು ಸಂಬಂಧ ಎಂದು ಅವನು ಕಕ್ಕಾಬಿಕ್ಕಿಯಾದನಂತೆ.

ಅಭ್ಯರ್ಥಿಗಳ ಚರ್ಚೆಯ ಸಂಜೆ ನನ್ನ ಅಂಗಡಿಯ ಟೀವಿಯ ಮುಂದೆ ನಾವು ಮೂವರು ಕೂತೆವು. ಯಾರೆಲಿಗೆ ಆ ವರ್ಷ ಮೊದಲ ಮತ. ಮತಪತ್ರ ಅಂಚೆಯಲ್ಲಿ ಮನೆಗೇ ಬಂದಿತ್ತು. ಅವಳು ಅದನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು.

ಕ್ಷಮಾದಾನದ ಪ್ರಶ್ನೆ ಬಂತು. ಮೊದಲನೆಯ ಅಭ್ಯರ್ಥಿ, ಅದರ ಮಾತೇ ಇಲ್ಲ, ಎಲ್ಲರನ್ನೂ ವಾಪಸ್ ಕಳಿಸುತ್ತೇನೆ ಎಂದರು.

“ಆಮೇಲೆ ಸೇಬು ಕೀಳೋಕೆ ಇವರ ಮನೆಯೋರು ಬರ್ತಾರೇನೋ,” ಎಂದೆ ನಾನು.

“ಶ್, ಸುಮ್ನಿರೇ. ಇನ್ನೊಬ್ಬರದ್ದು ಕೇಳೋಣ,” ಎಂದಳು ದೊಮಿತಿಲಾ.

ಎರಡನೆಯವರ ಬಾಯಿ ಮೆತ್ತಗಿತ್ತು. ದಂಡ ಕಟ್ಟಲಿ, ತೆರಿಗೆ ಕಟ್ಟಲಿ, ಸಾಲಿನ ಕೊನೆಯಲ್ಲಿ ನಿಲ್ಲಲಿ, ಆಮೇಲೆ ನೋಡೋಣ ಎಂದರು. ಆದರೆ ಇದನ್ನು ಕ್ಷಮಾದಾನ ಎನ್ನಬೇಡಿ ಎಂದೂ ಸೇರಿಸಿದರು.

“ತೆರಿಗೆ ಕಟ್ತಾನೇ ಇದೀನಲ್ಲ,” ಎಂದಳು ದೊಮಿತಿಲಾ. “ಆ ಸಾಲು ಎಲ್ಲಿದೆ ಕೊಮಾದ್ರೆ? ಯಾರಾದ್ರೂ ತೋರಿಸ್ಲಿ, ಬುತ್ತಿಗೆ ನಾಕು ತಮಾಲೆ ಕಟ್ಕೊಂಡು ಈಗ್ಲೇ ಹೋಗಿ ನಿಂತ್ಕೋತೀನಿ.”

ಯಾರೆಲಿ ಟೀವಿ ಆರಿಸಿದಳು. “ಒಬ್ರು ಬೈತಾರೆ, ಇನ್ನೊಬ್ರು ನಯವಾಗಿ ಬೈತಾರೆ. ನಾನು ಓಟೇ ಹಾಕಲ್ಲ ಹೋಗಮ್ಮ.”

ದೊಮಿತಿಲಾ ಗಂಟಲು ಏರಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. “ಏನಂದೆ? ಇಷ್ಟು ವರ್ಷ ನಾನು ಬಾಯಿಗೆ ಬೀಗ ಹಾಕ್ಕೊಂಡು ಇವರ ಮುಖ ನೋಡಿದೀನಿ. ನಿನಗೆ ಬಾಯಿದೆ. ನೀನೂ ಬೀಗ ಹಾಕ್ಕೊಂಡ್ರೆ ನಾನು ಯಾತಕ್ಕೆ ಬಂದೆ ಇಲ್ಲಿಗೆ?”

ಹುಡುಗಿಯ ಕಣ್ಣು ತುಂಬಿತು. “ಆಯ್ತು, ಹಾಕ್ತೀನಿ. ಕಡಿಮೆ ಬೈಯೋರಿಗೇ ಹಾಕ್ತೀನಿ. ಆದ್ರೆ ನೀನೂ ಒಂದು ಮಾತು ಕೇಳು. ಇವರು ಯಾವತ್ತೋ ಕೊಡೋದಕ್ಕೆ ನಿನ್ನ ಜಡೆ ಯಾಕಮ್ಮ ಕಟ್ಟಿಹಾಕ್ತೀಯ? ಕೆಲಸ ಹೋಗುತ್ತೆ, ಕತ್ತು ಹೋಗುತ್ತೆ. ನಾನು ಇಲ್ಲೇ ಹುಟ್ಟಿದೋಳು, ನನ್ನತ್ರ ಪಾಸ್‌ಪೋರ್ಟ್ ಇದೆ. ನಾನು ತಗೊಂಡ್ಹೋಗಿ ಕೊಡ್ತೀನಿ.”

“ನಾನೇ ತರ್ತೀನಿ ಅಂತ ಹೇಳ್ಕೊಂಡಿದೀನಿ ಸ್ವಾಮಿಗೆ.”

ನನಗೆ ತಡೆಯಲಾಗಲಿಲ್ಲ. “ಅಲ್ವೇ ಮಾರಾಯ್ತಿ, ದೇವರು ವರ ಕೊಟ್ರೂ ಪೂಜಾರಿ ಕೊಡ ಅನ್ನೋ ಹಾಗಾಯ್ತು ನಿನ್ನ ಕತೆ. ಆ ಸ್ವಾಮಿಗೇನು ಇಲ್ಲಿ ಓಟಿದೆಯಾ?”

ಅವಳು ಜಡೆಯನ್ನು ಮಡಿಲಿಗೆ ಎಳೆದುಕೊಂಡು, ಮುದುಡಿದ ಮಗುವನ್ನು ಸವರುವ ಹಾಗೆ ಸವರುತ್ತ ಕೂತಳು. ಆಮೇಲೆ ಎದ್ದುಹೋದಳು. ಎಲ್ಲಿ ನನ್ನ ಮೇಲೆ ಮುನಿದಳೋ ಎಂದು ಎರಡು ದಿನ ಊಟ ರುಚಿಸಲಿಲ್ಲ.

ಭಾನುವಾರ ಪೂಜೆ ಮುಗಿಸಿಕೊಂಡು ತಾಯಿ ಮಗಳು ನೇರ ನನ್ನ ಅಂಗಡಿಗೇ ಬಂದರು. ಬರುವ ದಾರಿಯಲ್ಲಿ ಯಾರೆಲಿ ಮತಪತ್ರವನ್ನು ಪೆಟ್ಟಿಗೆಗೆ ಹಾಕಿದ್ದಳು. ದೊಮಿತಿಲಾ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. “ಸ್ವಾಮೀ, ಇದನ್ನ ಮುಂಗಡ ಅಂತ ತಿಳ್ಕೋ. ನಿನ್ನ ಕೆಲಸ ಇನ್ನೂ ಬಾಕಿ ಇದೆ, ಮರೀಬೇಡ,” ಎಂದವಳು ನನ್ನ ಕಡೆ ತಿರುಗದೆ ಹೇಳಿದಳು: “ಹೂಂ, ಕತ್ತರಿ ತಗೋ ಕೊಮಾದ್ರೆ.”

ನನ್ನ ಜೀವಮಾನವೆಲ್ಲ ಕೂದಲು ಕತ್ತರಿಸುವುದರಲ್ಲೇ ಕಳೆದಿದೆ. ಅವತ್ತು ಮೂರು ಸಲ ಬಾಚಿದ ಮೇಲೇ ಕತ್ತರಿ ಎತ್ತಿಕೊಂಡೆ. ಕತ್ತರಿಸಿದ ಜಡೆಯ ಬುಡದಲ್ಲಿ ಗೇಣುದ್ದ ಬೆಳ್ಳಗೆ, ಕೆಳಗೆ ಕಪ್ಪು. ಬಣ್ಣ ಹಾಕಿಕೊಡಲಾ ಎಂದು ಕೇಳಿದೆ, ಬೇಡವೆಂದಳು. ಜಡೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಗಳ ಕೈಗಿಟ್ಟು ಅತ್ತಳು. ನಾನೂ ಅತ್ತೆ.

ಆ ಚುನಾವಣೆಯಲ್ಲಿ ಒಬ್ಬರು ಗೆದ್ದರು, ಒಬ್ಬರು ಸೋತರು. ಕ್ಷಮಾದಾನ ಬರಲಿಲ್ಲ. ದೊಮಿತಿಲಾಳ ತಲೆ ಬಲೆಯೊಳಗೆ ಸರಿಯಾಗಿ ಕೂತಿತು, ಕೆಲಸ ಉಳಿಯಿತು.

ಯೇಸು ಸತ್ತ ಶುಕ್ರವಾರದ ಮೆರವಣಿಗೆ ಹತ್ತಿರ ಬಂದಾಗ ಯಾರೆಲಿ ಜಡೆಯೊಂದಿಗೆ ಅಮ್ಮನ ಊರಿಗೆ ಹೋದಳು. ಅಲ್ಲಿಂದ ಫೋನ್ ಮಾಡಿದಳು: “ಅಮ್ಮಾ, ಸ್ವಾಮಿಗೆ ನರೆಗೂದಲು ಶೋಭಿಸಲ್ಲ, ಬಣ್ಣ ಹಾಕ್ತೀವಿ ಅಂತಿದಾನೆ ಇಗರ್ಜಿ ನೋಡ್ಕೊಳ್ಳೋನು.”

“ಹಾಕಿದ್ರೆ ನನ್ನಾಣೆ ಅನ್ನು,” ಎಂದಳು ದೊಮಿತಿಲಾ. “ಎಷ್ಟು ಕಾಯಿಸಿದಾನೆ ಅನ್ನೋದು ಅವನ ತಲೆ ಮೇಲೇ ಇರ್ಲಿ.”

ಶುಕ್ರವಾರ ನಾವಿಬ್ಬರೂ ನನ್ನ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಮೆರವಣಿಗೆ ನೋಡಿದೆವು. ಸ್ವಾಮಿ ಶಿಲುಬೆ ಹೊತ್ತು ಹೊರಗೆ ಬಂದ. ನೆತ್ತಿ ಬೆಳ್ಳಗೆ, ಭುಜದ ಮೇಲೆ ಕಪ್ಪು ಕೂದಲು ಗಾಳಿಗೆ ಹಾರಾಡುತ್ತಿತ್ತು. ಹೊತ್ತವರು ಚೌಕ ದಾಟಿ ಎಡಕ್ಕೆ ಹೊರಳಿದರು. ದೊಮಿತಿಲಾ ತನ್ನ ಬೋಳು ಕತ್ತನ್ನು ಕೈಯಿಂದ ಹಿಡಿದುಕೊಂಡು ಮುಂದಕ್ಕೆ ಬಾಗಿದಳು.

“ನೋಡೇ ಕೊಮಾದ್ರೆ,” ಎಂದಳು. “ನಾನೇ ನಮ್ಮನೆ ಬೀದಿಗೆ ಬಂದೆ.”