ಬಚ್ಚಲ ಮಣೆಯಿಂದ ಏಳುವ ಹೊತ್ತು

ನಿಮ್ಮ ಅಪ್ಪ ಹುಟ್ಟಿದ್ದು ಅರವತ್ತರ ದಶಕದಲ್ಲಿ, ನಗರದ ಹತ್ತಿರದ ಹಳ್ಳಿಯ ನಮ್ಮ ಮನೆಯಲ್ಲಿ. ನನಗೆ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನವೂ ಅತ್ತೆಯ ಕೈಯಲ್ಲೇ ಆಯಿತು. ಮಗುವನ್ನು ಮೀಯಿಸುವ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ಮಣೆಯ ಮೇಲೆ ಕೂತು ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಿದ್ದರು. ಊರಿನ ಅದೆಷ್ಟೋ ಮಕ್ಕಳು ಆ ಕಾಲುಗಳ ಮೇಲೆ ಮಿಂದವರು.

ಒಂದು ಕಾಲಕ್ಕೆ ಭತ್ತದ ಹೊರೆ ಹೊತ್ತು ದಿಬ್ಬ ಹತ್ತುತ್ತಿದ್ದ ಹೆಂಗಸು. ಆ ವರ್ಷ ಅವರ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮೀನಖಂಡ ಇದ್ದಲ್ಲಿ ಚರ್ಮ ಜೋತಿತ್ತು. ಹಲ್ಲಿಲ್ಲದ್ದಕ್ಕೆ ಗಂಜಿಯಲ್ಲೇ ದಿನ ಕಳೆಯುತ್ತಿದ್ದರು. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ತೊಡೆಯ ಬಲ ಹೋದರೆ ಕೂತಲ್ಲಿಂದ ಏಳುವುದೇ ಕಷ್ಟ ಎಂದು ಈಗ ಡಾಕ್ಟರು ನನಗೇ ಹೇಳುತ್ತಾರೆ. ಆಗ ನಾವು ಅತ್ತೆ ಸೊರಗಿದ್ದಾರೆ ಎಂದಷ್ಟೇ ಅಂದುಕೊಂಡಿದ್ದೆವು.

ಆ ಬೆಳಿಗ್ಗೆ ನಾನು ಬೆಚ್ಚಗಿನ ಬಟ್ಟೆ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಸ್ನಾನ ಮುಗಿಯಿತು. ಅತ್ತೆ ಒಂದು ಕೈಯಲ್ಲಿ ಮಗುವನ್ನು ಎದೆಗೆ ಒತ್ತಿಕೊಂಡು, ಇನ್ನೊಂದನ್ನು ಗೋಡೆಗೆ ಕೊಟ್ಟು ಎದ್ದರು. ಅರ್ಧ ಎದ್ದವರು ಧೊಪ್ಪನೆ ಕೂತರು. ಮಗು ಬೆಚ್ಚಿ ಮತ್ತೆ ಕಣ್ಣು ಮುಚ್ಚಿತು. ಪಕ್ಕದಲ್ಲೇ ಒಲೆಯ ಮೇಲೆ ಹಂಡೆಯ ನೀರು ಕುದಿಯುತ್ತಿತ್ತು.

"ಎಂತ ಹಾಂಗೆ ನೋಡ್ತೀಯೆ? ಮಣೆ ಜಾರ್ತು, ಅಷ್ಟೇ."

ಮತ್ತೆ ಎದ್ದರು. ತೊಡೆ ಗಡಗಡ ನಡುಗಿತು. ಎಣ್ಣೆ ಬಿದ್ದ ಕಲ್ಲಿನ ಮೇಲೆ ಹಿಮ್ಮಡಿ ಜಾರಿತು. ಗೋಡೆಯಲ್ಲಿದ್ದ ಕೈ ಹಂಡೆಯ ಕಡೆಗೆ ಹೋಯಿತು. ಅವರೆದುರು ತಲೆಯೆತ್ತಿ ಮಾತಾಡದ ನಾನು ಒಳಗೆ ನುಗ್ಗಿದೆ.

"ಅತ್ತೆ, ಮಗು ಹಾಲಿಗೆ ಅಳ್ತಾ ಇದೆ. ಕೊಡಿ."

ಅವರು ಮತ್ತೆ ಕೂತರು. "ಅಳೋದಾ? ನಿದ್ದೆ ಮಾಡ್ತಾ ಇದಾನಲ್ಲೇ ಮಾರಾಯ್ತಿ! ಅಂತೂ ಬಾಯಿ ಬಂತು ನಿಂಗೆ, ಅದೂ ಸುಳ್ಳು ಹೇಳಕ್ಕೆ."

ನಾನು ಚಾಚಿದ ಕೈ ಹಿಂತೆಗೆಯಲಿಲ್ಲ. ಅವರು ಕೊಡಲೂ ಇಲ್ಲ. ಮಗುವನ್ನು ಹಿಡಿದ ಅವರ ತೋಳೂ ನಡುಗಲು ಶುರುವಾಯಿತು. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು. ಆಮೇಲೆ ಮಗು ನನ್ನ ಕೈಗೆ ಬಂತು.

"ಒಳಗೆ ಹೋಗು. ಥಂಡಿ ಆಗ್ತದೆ ಅದಕ್ಕೆ."

ಮಗುವನ್ನು ಅಪ್ಪಿಕೊಂಡು ಕೋಣೆಯಲ್ಲಿ ಕಿವಿಗೊಟ್ಟು ಕೂತೆ. ಅವರ ಹೆಜ್ಜೆಯ ಸದ್ದು ಕೇಳಲು ಬಹಳ ಹೊತ್ತು ಹಿಡಿಯಿತು.

ಮರುದಿನ ಮಣೆ ಹಾಕುವ ಮೊದಲೇ ಕರೆದರು. "ಇಲ್ಲೇ ನಿಂತಿರು. ಮಿಂದಾದ ಮೇಲೆ ನೀನೇ ಎತ್ಕಂಡು ಹೋಗು. ನೀರು ಹೊಯ್ಯೋದು ಮಾತ್ರ ನಾನೇ, ತಿಳೀತಾ?"

"ಹೂಂ" ಅಂದೆ. ನಿಮ್ಮಪ್ಪ ಅಂಬೆಗಾಲಿಟ್ಟು ಹೊಸಿಲು ದಾಟುವವರೆಗೂ ಹಾಗೇ ನಡೆಯಿತು. ಅತ್ತೆಯನ್ನು ಎಬ್ಬಿಸಲು ಕೈ ಕೊಟ್ಟರೆ ಮಾತ್ರ ಒಮ್ಮೆಯೂ ಹಿಡಿಯಲಿಲ್ಲ. ನಾನು ಒಳಗೆ ಹೋದ ಮೇಲೆಯೇ ಏಳುತ್ತಿದ್ದರು.