ಹನ್ನೊಂದನೇ ಮೇಜಿನ ಪಂಕ್ತಿ

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಊಟದ ತಾಟುಗಳು ಎಂಟು ಇದ್ದವು, ಉಣ್ಣುವ ಜನ ಒಂಬತ್ತು. ಅಜ್ಜ, ಅಪ್ಪ, ಇಬ್ಬರು ಕಾಕಾಗಳು, ನಾವು ನಾಲ್ವರು ಮಕ್ಕಳು. ಅಲ್ಲಿಗೆ ತಾಟು ಮುಗಿದವು. ಒಂಬತ್ತನೆಯವಳು ನನ್ನ ಅವ್ವ. ಎಲ್ಲರದೂ ಮುಗಿದು, ಯಾವುದೋ ಒಂದು ತಾಟು ಖಾಲಿಯಾಗಿ, ಅದನ್ನು ತೊಳೆದು ಒರೆಸಿದ ಮೇಲೆ ಅವಳ ಸರದಿ. ಈ ಲೆಕ್ಕದಲ್ಲಿ ಏನೋ ಎಡವಟ್ಟಿದೆ ಎಂದು ನನ್ನ ತಲೆಗೆ ಹೊಳೆಯಲು ನಲವತ್ತೇಳು ವರ್ಷ ಬೇಕಾಯಿತು. ಅದೂ ಬೈಲಹೊಂಗಲದ ನಮ್ಮ ಅಡುಗೆಮನೆಯಲ್ಲಲ್ಲ, ಯಾವ ದಿಕ್ಕಿಗೂ ನೆಲ ಕಾಣದ ನಡುಗಡಲಿನಲ್ಲಿ, ಬಿಳಿ ಬಟ್ಟೆ ಹಾಸಿದ ಒಂದು ಮೇಜಿನ ಮುಂದೆ, ಮುಂಚೆ ಮೋರೆ ನೋಡದ ನಾಲ್ಕು ಮಂದಿಯ ನಡುವೆ ಕುಳಿತಾಗ. ಬುದ್ಧಿ ಬರುವುದಕ್ಕೆ ಮನುಷ್ಯ ಎಷ್ಟು ದೂರ ಹೋಗಬೇಕಾಗುತ್ತದೆ ನೋಡಿ.

ಪೇಟೆಯಲ್ಲಿ ನಮ್ಮದು ಪಂಪ್‌ಸೆಟ್ಟಿನ ಅಂಗಡಿ. ಹೊಸ ಶತಮಾನ ಬಂದು ನಾಲ್ಕೈದು ವರ್ಷವಾಗಿದ್ದ ಕಾಲ. ಅಂಗಡಿಗೆ ಕಂಪ್ಯೂಟರು ಬಂದಿತ್ತು, ನನ್ನ ಕಿಸೆಗೆ ಮೊಬೈಲು ಬಂದಿತ್ತು, ಇವೆರಡರ ಜೊತೆಗೆ ಸ್ವಲ್ಪ ಜಂಬವೂ ಬಂದಿತ್ತು. ಕಂಪನಿಯವರು ಆ ವರ್ಷ ಹೆಚ್ಚು ಮಾಲು ಎತ್ತಿದ ಅಂಗಡಿಕಾರರನ್ನು ಜೋಡಿಯಾಗಿ ಮುಂಬಯಿಯಿಂದ ಮೂರು ದಿನದ ಹಡಗಿನ ವಿಹಾರಕ್ಕೆ ಕಳಿಸುತ್ತೇವೆಂದರು. ಜೋಡಿ ಎಂದರೆ ಹೆಂಡತಿ ಎಂದೇ ನಾನು ತಿಳಿದಿದ್ದೆ. ನನ್ನ ಹೆಂಡತಿ ಶಾಂತಾ ಬೇರೆ ತಿಳಿದಳು.

“ಅತ್ತೀನ ಕರ್ಕೊಂಡ ಹೋಗ್ರಿ. ಮನೋಳಿ ಹೊಳಿ ಬಿಟ್ಟರ ಅವರು ಬ್ಯಾರೆ ನೀರ ಕಂಡಿಲ್ಲ. ನನಗರ ಬೆಳಗಾವಿ ಬಸ್ಸಿನ್ಯಾಗ ಕುಂತ್ರನ ಹೊಟ್ಟಿ ತೊಳಸತೈತಿ, ಹಡಗ ಯಾರಿಗೆ ಬೇಕು?” ಎಂದಳು. ಅವಳ ಹೊಟ್ಟೆ ತೊಳಸುವುದು ನಿಜ. ಆದರೆ ಹಡಗಿನ ಚಿತ್ರವಿದ್ದ ಆ ನುಣುಪು ಕಾಗದವನ್ನು ಅವಳು ಎರಡು ಸಲ ಬಿಚ್ಚಿ ನೋಡಿ ಮಡಿಸಿಟ್ಟಿದ್ದೂ ನಿಜ.

ಅವ್ವ ಹುಟ್ಟಿದ್ದು ಮನೋಳಿಯಲ್ಲಿ, ಮಲಪ್ರಭೆಯ ದಂಡೆಗೆ. ಬಿತ್ತಿಗೆಯ ದಿನಗಳಲ್ಲಿ ಇಪ್ಪತ್ತು ಆಳುಗಳಿಗೆ ಬೆಳಕು ಹರಿಯುವ ಮುಂಚೆ ರೊಟ್ಟಿ ಬಡಿದು ಮುಗಿಸುತ್ತಿದ್ದ ಕೈ ಅವಳದು. ಹಡಗಿಗೂ ಒಂದು ಗಂಟು ಕಟ್ಟಿಕೊಂಡೇ ಬಂದಳು: ಗರಿಗರಿ ಒಣಗಿಸಿದ ಕಟಿರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು. ಹಡಗಿನ ಮೇಲಟ್ಟಕ್ಕೆ, ಅಂದರೆ ಡೆಕ್ಕಿಗೆ, ಕರೆದೊಯ್ದು ಸಮುದ್ರ ತೋರಿಸಿದೆ. ಬಹಳ ಹೊತ್ತು ನೋಡಿದಳು. “ಇಷ್ಟ ನೀರ ಇಟಗೊಂಡು ಒಂದ ಗಿಡಾ ಬೆಳದಿಲ್ಲಲ್ಲೋ ತಮ್ಮಾ,” ಎಂದಳು. ಪಂಪ್‌ಸೆಟ್ಟು ಮಾರುವವನ ತಾಯಿಯಾಗಿ ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಹಡಗಿನಲ್ಲಿ ರಾತ್ರಿಯೂಟಕ್ಕೆ ಒಂದು ಪದ್ಧತಿ. ಮೊದಲ ದಿನ ನಿಮಗೆ ಯಾವ ಮೇಜು ಸಿಕ್ಕಿತೋ ಮೂರೂ ದಿನ ಅದೇ ಮೇಜು, ಅದೇ ನೆರೆಹೊರೆ. ಶುದ್ಧ ಸಸ್ಯಾಹಾರಿ ಎಂದು ಬರೆಸಿದವರಲ್ಲಿ ಆರು ಜನರನ್ನು ಹೆಕ್ಕಿ ಹನ್ನೊಂದನೇ ನಂಬರಿನ ದುಂಡು ಮೇಜಿಗೆ ಕೂರಿಸಿದ್ದರು. ನಾಗಪುರದ ಸಾಠೆ, ರೈಲ್ವೆ ಗಾರ್ಡಾಗಿ ನಿವೃತ್ತರಾದವರು, ಅವರ ಹೆಂಡತಿ ಸಾಠೆಬಾಯಿ, ಕೊಚ್ಚಿಯಿಂದ ಒಬ್ಬರೇ ಬಂದಿದ್ದ ಏಲಿಯಮ್ಮ ಎಂಬ ಗಣಿತದ ಟೀಚರು, ಡಾಕ್ಟರಿಗೆ ಹೆದರಿ ಹೋದ ತಿಂಗಳಷ್ಟೇ ಮಾಂಸ ಬಿಟ್ಟಿದ್ದ ಗುವಾಹಟಿಯ ಚಹಾ ವ್ಯಾಪಾರಿ ಬರುವಾ, ಮತ್ತೆ ನಾವಿಬ್ಬರು. ನಮ್ಮ ಕಡೆ ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಬುತ್ತಿ ಬಿಚ್ಚಿದವರು ಪಕ್ಕದ ಸೀಟಿನ ಅಪರಿಚಿತನಿಗೆ ‘ಬರ್ರಿ, ಊಟಾ ಮಾಡೂಣು’ ಎನ್ನದೆ ತುತ್ತು ಎತ್ತುವುದಿಲ್ಲ; ಅವನು ‘ಆಗೇತ್ರಿ, ನೀವ ಮಾಡ್ರಿ’ ಎನ್ನದೆ ಇರುವುದಿಲ್ಲ. ಆ ಎರಡು ಮಾತಿನಲ್ಲಿ ಅಪರಿಚಯದ ಅರ್ಧ ಭಾರ ಇಳಿದುಹೋಗುತ್ತದೆ. ಈ ಮೇಜಿನಲ್ಲಿ ಹಾಗೆ ಕರೆಯುವವರೂ ಇಲ್ಲ, ಒಲ್ಲೆ ಎನ್ನುವವರೂ ಇಲ್ಲ. ಐದೂ ಮಂದಿ ಪರೀಕ್ಷೆಗೆ ಕುಳಿತವರ ಹಾಗೆ ಮೆನು ಕಾರ್ಡಿನಲ್ಲಿ ಮುಖ ಹುದುಗಿಸಿದ್ದೆವು. ಅವ್ವನಿಗೆ ಕಾರ್ಡು ಓದಲು ಬರುತ್ತಿರಲಿಲ್ಲವಾದ್ದರಿಂದ ಅವಳೊಬ್ಬಳೇ ತಲೆಯೆತ್ತಿ ಮನುಷ್ಯರನ್ನು ನೋಡುತ್ತಿದ್ದಳು.

ಸೂಪು ಬಂತು. ಎಲ್ಲರೂ ಚಮಚ ಹಿಡಿದರು. ಅವ್ವ ಹಿಡಿಯಲಿಲ್ಲ. ಎದ್ದು ನಿಂತಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಮೇಜಿನ ನಡುವಿದ್ದ ಬ್ರೆಡ್ಡಿನ ಬುಟ್ಟಿಯನ್ನು ಎತ್ತಿಕೊಂಡು ಬಡಿಸಲು ಶುರುಮಾಡಿದಳು. “ಹಾಕಸ್ಕೋರಿ, ಇಷ್ಟಕ್ಕ ಹೆಂಗ ಆಗತೈತ್ರಿ? ನಾಚಗೊಂಡ ಉಣಬಾರ್ದು,” ಎಂದು ಬರುವಾ ಅವರ ತಟ್ಟೆಗೆ ಎರಡು ತುಂಡು ಹಾಕಿದಳು. ಒಂದು ಶಬ್ದವೂ ತಿಳಿಯದ ಆ ಮನುಷ್ಯ ಹೆದರಿ ಎರಡನ್ನೂ ತಿಂದರು. ನಮ್ಮ ಮೇಜು ಮುಗಿಸಿ ಅವಳು ಪಕ್ಕದ ಮೇಜಿಗೂ ಹೊರಟಾಗ, ಬಡಿಸುವ ಗೋವೆಯ ಪೆದ್ರು ಕೈಯಲ್ಲಿದ್ದ ತಟ್ಟೆಗಳ ಸಮೇತ ಓಡಿ ಬಂದ. ಅವ್ವನಿಗೆ ಮರಾಠಿ ಬರುತ್ತದೆ. ನಮ್ಮ ಜಿಲ್ಲೆಯವರಿಗೆ ಅದು ನೆರೆಮನೆಯ ಮಾತು. ‘ನೀವು, ಅಡುಗೆಯವರು ಎಲ್ಲ ಎಷ್ಟು ಗಂಟೆಗೆ ಉಣ್ಣುತ್ತೀರಿ? ನಾನೂ ನಿಮ್ಮ ಜೊತೆಗೇ ಉಣ್ಣುತ್ತೇನೆ’ ಎಂದು ಅವನನ್ನು ಕೇಳಿದಳು. ಅಷ್ಟರಲ್ಲಿ ಮುಟ್ಟದೆ ಉಳಿದ ಅವಳ ಸೂಪು ಒಳಗೆ ಹೋಗಿತ್ತು. ಉಳಿದವರದು ಮುಗಿಯಿತೆಂದರೆ ನಿಮ್ಮದೂ ಮುಗಿದಂತೆ. ಹಡಗಿನ ರೀತಿ ಅದು. ಆಮೇಲೆ ಬಂದ ಹಸಿ ತರಕಾರಿ, ಪುಲಾವು, ಸಿಹಿ ಒಂದೊಂದಾಗಿ ಬಂದ ಹಾಗೆಯೇ ಮರಳಿದವು. ಕೋಣೆಗೆ ಬಂದ ಮೇಲೆ “ನೀ ಸ್ವಲ್ಪ ಹೊರಗ ಅಡ್ಡ್ಯಾಡಿ ಬಾ,” ಎಂದು ನನ್ನನ್ನು ಕಳಿಸಿ, ತನ್ನ ಗಂಟು ಬಿಚ್ಚಿ ರೊಟ್ಟಿ ತಿಂದಳು.

ಎರಡನೆಯ ಸಂಜೆ ನಾನು ಮೊದಲೇ ತಾಕೀತು ಮಾಡಿದ್ದೆ. ಅವಳು ಏಳಲಿಲ್ಲ, ಆದರೆ ಉಣ್ಣಲೂ ಇಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲರ ಬಾಯಿ ನೋಡುತ್ತ ಕುಳಿತಳು. ತನ್ನ ಪುಲಾವನ್ನು ಸಾಠೆಯವರತ್ತ ಸರಿಸಿದಳು, ತನ್ನ ಗುಲಾಬ್ ಜಾಮೂನನ್ನು ಏಲಿಯಮ್ಮನ ಮುಂದಿಟ್ಟಳು. ನನ್ನ ಮುಖ ಇಷ್ಟೇ ಆಯಿತು. ಸುಳ್ಳು ಯಾಕೆ ಹೇಳಲಿ, ಅವ್ವ ಉಪವಾಸ ಬಿದ್ದಳೆಂಬ ಸಂಕಟಕ್ಕಿಂತ ನಾಲ್ಕು ಜನರ ಮುಂದೆ ಮಾನ ಹೋಯಿತೆಂಬ ಸಿಟ್ಟೇ ನನಗೆ ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ಅಟ್ಟದ ಮೇಲೆ ಚಹಾ ಕುಡಿಯುವಾಗ ಆ ಸಿಟ್ಟು ಹೊರಬಿತ್ತು. “ಯವ್ವಾ, ನೀ ಇಲ್ಲಿ ಅಡಗಿ ಮಾಡಾಕ ಬಂದೀ ಏನಬೇ? ಬೀಗತಿ ಹಂಗ ಕುಂತ ಉಣ್ಣಾಕ ಬಂದೀ. ಮಂದಿ ನಗಾಕತ್ತಾರ,” ಎಂದೆ.

ಅವ್ವ ಬಸಿಯಲ್ಲಿನ ಚಹಾ ಮುಗಿಸಿ ನಿಧಾನವಾಗಿ ಹೇಳಿದಳು: “ಎದುರಿಗೆ ಕುಂತವರ ಹೊಟ್ಟಿ ತುಂಬೂ ತನಕಾ ನನ್ನ ಗಂಟಲದಾಗ ತುತ್ತ ಇಳ್ಯಾಂಗಿಲ್ಲೋ ತಮ್ಮಾ. ನೀ ಅಂದ್ರ ಇಳೀತೈತೇನು? ನಾ ಉಣ್ಣೂದ ನೀ ಎಂದರ ನೋಡೀಯೇನು?”

ನೋಡಿರಲಿಲ್ಲ. ನೆನಪನ್ನು ಎಷ್ಟು ಕೆದಕಿದರೂ ಒಂದೇ ಒಂದು ತುತ್ತು ಸಿಗಲಿಲ್ಲ. ರೊಟ್ಟಿ ಬಡಿಯುವ ಅವ್ವ, ಬಡಿಸುವ ಅವ್ವ, ಬೋಗುಣಿ ಬಳಿಯುವ ಅವ್ವ, ನಡುಮಧ್ಯಾಹ್ನ ಹೊಲಕ್ಕೆ ಬುತ್ತಿ ಹೊತ್ತು ನಡೆಯುವ ಅವ್ವ ಕಣ್ಣಿಗೆ ಬಂದರು. ಉಣ್ಣುವ ಅವ್ವ ಬರಲಿಲ್ಲ. ಅಂಗೈ ಮೇಲೆ ರೊಟ್ಟಿ ಇಟ್ಟುಕೊಂಡು ಒಲೆಗೆ ಮುಖ ಮಾಡಿ ಉಣ್ಣುತ್ತಿದ್ದಳೆಂದು ತಂಗಿ ಎಂದೋ ಹೇಳಿದ್ದು ಬಿಟ್ಟರೆ ನನ್ನಲ್ಲಿ ಸಾಕ್ಷಿಯಿಲ್ಲ. ಶಾಂತಾ ಬಂದ ಮೇಲಾದರೂ ಬದಲಾಯಿತೇ? ನನಗೆ ಬಡಿಸಿ ಶಾಂತಾ ಉಣ್ಣುತ್ತಾಳೆ, ಶಾಂತಾಗೆ ಬಡಿಸಿ ಅವ್ವ ಉಣ್ಣುತ್ತಾಳೆ. ಸಾಲು ಉದ್ದವಾಯಿತೇ ಹೊರತು ಅವಳ ಜಾಗ ಮುಂದೆ ಬರಲಿಲ್ಲ. ಮಂದಿಗೆ ಹೊಲಕ್ಕೆ ನೀರು ಹಾಯಿಸುವ ಯಂತ್ರ ಮಾರುವ ನಾನು ಮನೆಯ ಬದುವಿನ ಕೊನೆಯ ಗಿಡಕ್ಕೆ ನೀರು ಮುಟ್ಟಿತೋ ಇಲ್ಲವೋ ಎಂದು ಒಂದು ದಿನವೂ ತಿರುಗಿ ನೋಡಿದವನಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಆ ಹಡಗಿನಲ್ಲಿ ಇನ್ನೊಂದೇ ಸಂಜೆ ಉಳಿದಿತ್ತು; ಅವ್ವ ನಾಲ್ಕು ಜನರ ಸರಿಸಮ ಕುಳಿತು ಬಿಸಿಬಿಸಿಯಾಗಿ ಉಣ್ಣುವುದನ್ನು ನೋಡದೆ ಇಳಿಯಬಾರದು ಎಂಬ ಹಟ ಹುಟ್ಟಿತು. ಆದರೆ ಹೇಗೆ ಎಂಬುದು ತಿಳಿಯದೆ ಕೈಚೆಲ್ಲಿ ಕುಳಿತಿದ್ದೆ.

ಪಕ್ಕದ ಕುರ್ಚಿಯಲ್ಲಿದ್ದ ಸಾಠೆಬಾಯಿ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಅವ್ವ ಕೋಣೆಗೆ ಹೋಗಿದ್ದಳು. ನನ್ನ ಹರುಕು ಮರಾಠಿಯಲ್ಲಿ ಎಲ್ಲ ಹೇಳಿದೆ. ಅವರು ನಗಲಿಲ್ಲ. ಗಂಡ ರೈಲು ದಾಟಿಸಿ ಮನೆಗೆ ಬರುವವರೆಗೆ, ಅದು ಮೂರು ಗಂಟೆಯಾಗಲಿ ನಾಲ್ಕಾಗಲಿ, ತಾವೂ ಮೂವತ್ತು ವರ್ಷ ಹಸಿದು ಕಾದದ್ದನ್ನು ಹೇಳಿದರು. ಸಾಠೆಯವರು ವೃತ್ತಪತ್ರಿಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದರು. ಆಮೇಲೆ ಸಾಠೆಬಾಯಿ ಎದ್ದು ಏಲಿಯಮ್ಮನ ಕಡೆಗೆ ಹೋದರು. ಇಬ್ಬರಿಗೂ ಸಮನಾಗಿ ಬರುವ ಭಾಷೆ ಯಾವುದೂ ಇರಲಿಲ್ಲ; ಆದರೂ ಬಹಳ ಹೊತ್ತು ಮಾತಾಡಿದರು.

ಕೊನೆಯ ಸಂಜೆ ಸೂಪು ಬಂತು. ನಾನು ಅಭ್ಯಾಸಬಲದಿಂದ ಚಮಚ ಎತ್ತಿದೆ. ಸಾಠೆಬಾಯಿ ನೋಡಿದ ನೋಟಕ್ಕೆ ಅದು ಹಾಗೆಯೇ ಕೆಳಗಿಳಿಯಿತು. ಯಾರೂ ಮುಟ್ಟಿರಲಿಲ್ಲ. ಏಲಿಯಮ್ಮ ಪರೀಕ್ಷೆಯ ಕೋಣೆಯಲ್ಲಿ ಕಾವಲಿಗೆ ನಿಂತವರಂತೆ ಕೈಕಟ್ಟಿದ್ದರು. ಬರುವಾ ತಮ್ಮ ಬಟ್ಟಲನ್ನು ಆಸೆಯಿಂದ ನೋಡುತ್ತಿದ್ದರು. ಅವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು.

“ಯಾಕ್ರೀ, ಉಪ್ಪ ಕಡಿಮಿ ಆಗೇತೇನ್ರಿ? ಉಣ್ರಿ, ಆರಿ ಹೊಕ್ಕೈತಿ.”

ಸಾಠೆಬಾಯಿ ಮರಾಠಿಯಲ್ಲಿ ‘ಮೊದಲು ನೀವು’ ಎಂದರು. ಅವ್ವ ತಾನು ಆಮೇಲೆ ಉಣ್ಣುತ್ತೇನೆಂದಳು. ‘ಹಾಗಾದರೆ ನಾವೂ ಆಮೇಲೆ’ ಎಂದರು ಸಾಠೆ. ಸಿಗ್ನಲ್ಲು ಬೀಳದೆ ಹಸಿರು ಬಾವುಟ ತೋರಿಸುವ ಗಾರ್ಡು ತಾನಲ್ಲ ಎಂದು ಹೇಳಿ ಕುರ್ಚಿಗೆ ಒರಗಿದರು. ಪೆದ್ರು ಮುಂದಿನ ತಟ್ಟೆಗಳನ್ನು ಹೊತ್ತು ನಿಂತೇ ಇದ್ದ. ಒಳಗಿನಿಂದ ದೊಡ್ಡ ಮೇಲ್ವಿಚಾರಕ ಬಂದು ಅಡುಗೆಯಲ್ಲಿ ಏನಾದರೂ ತಪ್ಪಾಯಿತೇ ಎಂದು ವಿಚಾರಿಸಿದ. ಅವ್ವ ನನ್ನತ್ತ ನೋಡಿದಳು. ನಾನು ಛಾವಣಿ ನೋಡಿದೆ. ಯಾರ ಮಾತಿಗೂ, ಯಾರ ಸಿಟ್ಟಿಗೂ, ಯಾರ ಒತ್ತಾಯಕ್ಕೂ ಮಣಿಯದ ಅವಳನ್ನು ನಾನು ಬಲ್ಲೆ. ಅವಳು ಇನ್ನೂ ಒಂದು ತಾಸು ಹಾಗೆಯೇ ಕುಳಿತಿರುತ್ತಿದ್ದಳು. ಆಗ ಆ ಮೌನದಲ್ಲಿ ಬರುವಾ ಅವರ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರ್ ಎಂದಿತು.

ಅವ್ವ ಸೋತದ್ದು ಅಲ್ಲಿ. ತನ್ನ ಹಸಿವನ್ನು ಜೀವಮಾನವಿಡೀ ಮಡಿಸಿ ಮೂಲೆಗಿಟ್ಟವಳಿಗೆ ಇನ್ನೊಬ್ಬರ ಹಸಿವನ್ನು ಒಂದು ಗಳಿಗೆ ನೋಡಲಾಗಲಿಲ್ಲ. ಎದುರಿಗೆ ಕುಳಿತ ಮನುಷ್ಯ ತನ್ನಿಂದಾಗಿ ಹಸಿದಿದ್ದಾನೆ! ಚಮಚವನ್ನು ಪಕ್ಕಕ್ಕಿಟ್ಟಳು, ಬ್ರೆಡ್ಡು ಮುರಿದಳು, ಸೂಪಿನಲ್ಲಿ ಅದ್ದಿದಳು, ಬಾಯಿಗಿಟ್ಟಳು. ಐದು ಜನ ಉಸಿರು ಬಿಗಿಹಿಡಿದು ಅವಳು ಅಗಿಯುವುದನ್ನು, ನುಂಗುವುದನ್ನು ನೋಡಿದೆವು.

“ಖಾರ ಇಲ್ಲ. ಆದ್ರ ಕೆಟ್ಟಿಲ್ಲ,” ಎಂದಳು ಅವ್ವ. “ಈಗರ ಉಣ್ರಿ.”

ಸಾಠೆ ಮೇಜು ಗುದ್ದಿದರು. ಪೆದ್ರು ಕೈಯಲ್ಲಿ ತಟ್ಟೆಗಳಿದ್ದರಿಂದ ಚಪ್ಪಾಳೆ ತಟ್ಟಲಾರದೆ ಹಲ್ಲು ಬಿಟ್ಟು ನಕ್ಕ. ಆ ಮೇಜಿನಲ್ಲಿ ಆಮೇಲೆ ನಡೆದದ್ದೇ ನಿಜವಾದ ಊಟ. ಪ್ರತಿ ತಟ್ಟೆಯೂ ಮೊದಲು ಅವ್ವನಿಗೆ. ಅವಳು ತುತ್ತೆತ್ತಿದ ಮೇಲೆ ನಮಗೆ. ಮೊದಲೆರಡು ಸಲ ಅವಳ ಕೈ ಸಂಕೋಚಪಟ್ಟಿತು, ಮೂರನೆಯ ಸಲಕ್ಕೆ ಪಡಲಿಲ್ಲ. ನಾನಂತೂ ನನ್ನ ತಟ್ಟೆ ಮರೆತು ಅವಳನ್ನೇ ನೋಡುತ್ತಿದ್ದೆ. ಅವ್ವ ಅನ್ನವನ್ನು ಸಣ್ಣ ಸಣ್ಣ ತುತ್ತು ಮಾಡಿ ಉಣ್ಣುತ್ತಾಳೆ. ರುಚಿಯಾದದ್ದು ಬಾಯಿಗೆ ಬಂದಾಗ ಕಣ್ಣು ಮುಚ್ಚುತ್ತಾಳೆ. ಅವಳಿಗೆ ಸಿಹಿ ಸೇರುವುದಿಲ್ಲ ಎಂದು ನಾವು ನಾಲ್ವರೂ ಮಕ್ಕಳು ನಂಬಿದ್ದೆವು, ತನ್ನ ಪಾಲಿನ ಹೋಳಿಗೆಯನ್ನು ಅವಳು ಯಾವಾಗಲೂ ನಮಗೇ ಹಾಕುತ್ತಿದ್ದಳಲ್ಲ. ಆ ಸಂಜೆ ಗುಲಾಬ್ ಜಾಮೂನು ಎರಡು ಮುಗಿಸಿ, ಪೆದ್ರುವನ್ನು ಕೈಸನ್ನೆಯಲ್ಲಿ ಕರೆದು, “ಇನ್ನೊಂದ ಹಾಕಪಾ,” ಎಂದಳು. ಪಾಕವನ್ನೂ ಬಿಡಲಿಲ್ಲ. ನನಗೆ ನಗು ಬಂತು. ಅಂಗಡಿಯ ಜೀವನದಲ್ಲಿ ನನಗೆ ಶಾಲು ಹೊದಿಸಿದ್ದಾರೆ, ಫಲಕ ಕೊಟ್ಟಿದ್ದಾರೆ. ಆ ಮೂರನೆಯ ಜಾಮೂನಿನ ಮುಂದೆ ಅವೆಲ್ಲ ಏನೂ ಅಲ್ಲ. ಮತ್ತೆ ಅದನ್ನು ಗೆದ್ದುಕೊಟ್ಟವರು ಸ್ವಂತ ಮಗನಲ್ಲ, ಹೆಸರು ಕೇಳಿ ಮೂರು ದಿನವಾಗಿದ್ದ ನಾಲ್ಕು ಜನ. ಮನೆಯವರ ಕಣ್ಣಿಗೆ ರೂಢಿಯ ಪೊರೆ ಬಂದಿರುತ್ತದೆ. ಹೊರಗಿನವರಿಗೆ ಖಾಲಿ ತಟ್ಟೆ ಖಾಲಿಯಾಗಿಯೇ ಕಾಣುತ್ತದೆ. ಆ ನಾಲ್ವರನ್ನು ನಾನು ಮತ್ತೆ ನೋಡಿಲ್ಲ, ಅವರ ಋಣ ತೀರಿಸುವ ದಾರಿಯೂ ಗೊತ್ತಿಲ್ಲ.

ಊರಿಗೆ ಬಂದ ದಿನ ಮಧ್ಯಾಹ್ನ ಶಾಂತಾ ಎಂದಿನಂತೆ ನನಗೆ, ತಮ್ಮನಿಗೆ, ಮಕ್ಕಳಿಗೆ ಪಡಸಾಲೆಯಲ್ಲಿ ಬಡಿಸಲು ಅಣಿಯಾದಳು. ಅವ್ವ ಒಳಗಿನಿಂದ ಬಂದವಳು ನನ್ನ ಪಕ್ಕಕ್ಕೆ ಮಣೆ ಹಾಕಿ ಕುಳಿತುಬಿಟ್ಟಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

“ಬೋಗುಣಿ, ರೊಟ್ಟಿ ಬುಟ್ಟಿ ಎಲ್ಲಾ ನಡಬರಕ ತಂದ ಇಡ ಶಾಂತಾ. ನೀನೂ ಕುಂಡ್ರು ಬಾ.”

“ನೀವು ಉಣ್ರಿ ಅತ್ತಿ, ನಂದ ಆಮ್ಯಾಲೆ ಆಗತೈತಿ,” ಎಂದಳು ಶಾಂತಾ, ಬಾಗಿಲಲ್ಲಿ ನಿಂತು.

ಅವ್ವ ಎತ್ತಿದ ರೊಟ್ಟಿಯನ್ನು ಕೆಳಗಿಟ್ಟಳು.

“ಹಂಗಾದ್ರ ಎಲ್ಲಾರದೂ ಆಮ್ಯಾಲೆ. ಮತ್ತ ಲಗೂನ ಬಾ ಯವ್ವಾ, ನನಗ ಹಸಿವಾಗೇತಿ.”

ಹಸಿವಾಗಿದೆ ಎಂದು ಅವ್ವ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಶಾಂತಾ ಕೈ ಒರೆಸಿಕೊಂಡು ಬಂದು ಕುಳಿತಳು.